ನಾಯಿ ಕುಂಟ್ತಾ ಇದೆಯಾ? ಮೊದಲು ಕಾಲು ನೋಡಿ, ಆಮೇಲೆ ಕಿವಿ!

ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಾಲ ಅಲ್ಲಾಡಿಸುತ್ತ ಓಡಿ ಬರುವ ನಿಮ್ಮ ಟಾಮಿ ಇವತ್ತು ಮೂರೇ ಕಾಲಲ್ಲಿ ಕುಂಟುತ್ತ ಬಂತು. ರಾತ್ರಿ ಊಟ ಹಾಕುವಾಗ ಸರಿಯಾಗೇ ಇತ್ತಲ್ಲ! ಯಾರೂ ಹೊಡೆದಿಲ್ಲ, ಗಾಡಿ ತಾಗಿಲ್ಲ. 'ಮುಳ್ಳು ಚುಚ್ಚಿರಬೇಕು' ಅಂತಾರೆ ಅತ್ತೆ. 'ಕಾಂಪೌಂಡ್ ಜಿಗಿದು ಉಳುಕಿಸಿಕೊಂಡಿದೆ, ಎರಡು ದಿನಕ್ಕೆ ಸರಿ ಹೋಗುತ್ತೆ' ಅಂತ ಹೇಳಿ ಯಜಮಾನರು ಸ್ಕೂಟರ್ ಹತ್ತುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿ ಉಳಿಯುವವರು ನೀವು ಮತ್ತು ಟಾಮಿ, ಇಬ್ಬರೇ. ನಿಜ ಹೇಳಬೇಕೆಂದರೆ ಕಾರಣ ಕಂಡುಹಿಡಿಯಲು ನಿಮಗಿಂತ ಸೂಕ್ತ ವ್ಯಕ್ತಿ ಬೇರೆ ಇಲ್ಲ. ಅದು ಎಷ್ಟು ತಿಂದಿತು, ಎಲ್ಲಿ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು ಎಂಬುದೆಲ್ಲ ಗೊತ್ತಿರುವುದು ನಿಮಗೇ ತಾನೇ?

ಮುಟ್ಟುವ ಮೊದಲು ನೋಡಿ

ಗಡಿಬಿಡಿಯಲ್ಲಿ ಕಾಲು ಹಿಡಿದು ಎಳೆಯಬೇಡಿ. ಮೊದಲು ಅಂಗಳದಲ್ಲಿ ನಿಧಾನವಾಗಿ ನಡೆಸಿ, ದೂರ ನಿಂತು ಗಮನಿಸಿ. ಯಾವ ಕಾಲು ಎಂಬುದೇ ಎಷ್ಟೋ ಸಲ ತಪ್ಪಾಗುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ನಾಯಿ ತಲೆ ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗಿಸುತ್ತದೆ. ಹಿಂಗಾಲಾದರೆ ನೋವಿರುವ ಕಡೆಯ ಸೊಂಟ ಹೆಚ್ಚು ಮೇಲೆ ಕೆಳಗೆ ಆಡುತ್ತದೆ. ನಡೆಯುವಾಗಲೇ ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನು ಮುಟ್ಟಿ ನೋಡುವುದು. ನೀವೇ ಸಾಕಿ ಬೆಳೆಸಿದ ನಾಯಿಯಾದರೂ ನೋವಾದಾಗ ಕಚ್ಚಬಹುದು. ಹಳೆಯ ದುಪಟ್ಟಾದಿಂದ ಮೂತಿಯನ್ನು ಮೆತ್ತಗೆ ಕಟ್ಟಿ (ವಾಂತಿ ಅಥವಾ ಉಸಿರಾಟದ ತೊಂದರೆ ಇದ್ದರೆ ಕಟ್ಟಬಾರದು), ಮನೆಯವರೊಬ್ಬರು ತಲೆ ಸವರುತ್ತಿರಲಿ. ಪಾದದಿಂದಲೇ ಶುರು ಮಾಡಿ. ಅಂಗಾಲಿನ ಮೆತ್ತೆ, ಬೆರಳ ಸಂದು, ಉಗುರು, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ. ನೆಗ್ಗಲು ಮುಳ್ಳು, ಜಾಲಿ ಮುಳ್ಳು, ಗಾಜಿನ ಚೂರು ಸಿಗಬಹುದು. ಖಾನಾಪುರ ಹಂಚು, ಮಡಕೆಗಳಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಆ ಕಡೆಯ ಹಿತ್ತಲುಗಳಲ್ಲಿ ಒಡೆದ ಹಂಚಿನ ಚೂರಿಗೇನು ಕಡಿಮೆ!

ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ ಒಂದು ಹೆಬ್ಬೆರಳಿರುತ್ತದೆ. ಅದನ್ನು ಮರೆಯಲೇಬೇಡಿ. ಆ ಉಗುರು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಬೆಳೆದು ಬೆಳೆದು ಸುತ್ತಿಕೊಂಡು ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಉದ್ದ ಕೂದಲಿನ ನಾಯಿಗಳಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಬೆಳಗಾವಿಯ ಮಳೆಗಾಲ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತೇ ಇಲ್ಲ. ಪಾದ ಸದಾ ಒದ್ದೆಯಾಗಿದ್ದು ಬೆರಳ ಸಂದು ಕೆಂಪಾಗಿ ಗುಳ್ಳೆ ಏಳುತ್ತದೆ. ನಾಯಿ ನೆಕ್ಕಿ ನೆಕ್ಕಿ ಇನ್ನಷ್ಟು ಕೆಡಿಸುತ್ತದೆ. ಹೊರಗಿನಿಂದ ಬಂದ ಕೂಡಲೇ ಕಾಲು ತೊಳೆದು ಒರೆಸುವುದೇ ಇದಕ್ಕೆ ಮದ್ದು. ಏಪ್ರಿಲ್ ಮಧ್ಯಾಹ್ನ ಮಾತ್ರ ಇದಕ್ಕೆ ಉಲ್ಟಾ. ಡಾಂಬರು ರಸ್ತೆಯ ಮೇಲೆ ನಿಮ್ಮ ಮುಂಗೈಯನ್ನು ಐದಾರು ಸೆಕೆಂಡ್ ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ ಅಂತ ತಿಳಿಯಿರಿ.

ಪಾದದಲ್ಲಿ ಏನೂ ಸಿಗದಿದ್ದರೆ ನಿಧಾನವಾಗಿ ಮೇಲಕ್ಕೆ ಹೋಗಿ. ಎರಡೂ ಕಾಲುಗಳನ್ನು ಒಟ್ಟಿಗೆ ಸವರಿ ಹೋಲಿಸಿ. ಒಂದು ಕಡೆ ಬಿಸಿ, ಬಾವು, ಗಂಟು ಇದೆಯಾ? ಎಲ್ಲಿ ಮುಟ್ಟಿದಾಗ ಕಾಲು ಎಳೆದುಕೊಂಡಿತು? ಹೊಸ ಮನೆಗಳ ಹೊಳೆಯುವ ಟೈಲ್ಸ್ ಕೂಡ ಒಂದು ಕಾರಣ. ಹಳೆಯ ಫರಸಿ ನೆಲದಲ್ಲಿ ಹಿಡಿತ ಸಿಗುತ್ತಿತ್ತು. ಟೈಲ್ಸ್ ಮೇಲೆ ಬೆಲ್ ಸದ್ದಿಗೆ ಓಡಿ ಜಾರಿದ ನಾಯಿಯ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದೇ ಹೋಗಬಹುದು. ಆಗ ಅದು ಹಿಂಗಾಲನ್ನು ತುದಿಯಷ್ಟೇ ಊರಿ ನಿಲ್ಲುತ್ತದೆ. ಇದು ಎಣ್ಣೆ ತೀಡಿದರೆ ಹೋಗುವಂಥದಲ್ಲ.

ಮುಳ್ಳು ಮೈಯಾಗ ತಿರುಗಾಡತೈತೇನು?

ಖಾನಾಪುರದಲ್ಲಿ ನಮ್ಮ ಮೌಶಿ ಇದ್ದಾರೆ. ಅವರ ಮೋತಿಗೆ ಎರಡು ವರ್ಷ. ಮನೆ ಹಿಂದೆ ದನದ ಕೊಟ್ಟಿಗೆ, ಅದರಾಚೆ ಗದ್ದೆ, ಇಡೀ ದಿನ ಅದರದೇ ರಾಜ್ಯ. ಒಂದು ಬೆಳಿಗ್ಗೆ ಬಲ ಮುಂಗಾಲು ಎತ್ತಿಕೊಂಡು ಬಂತು. ಪಾದದಲ್ಲಿ ಮುಳ್ಳಿಲ್ಲ, ಗಾಯವಿಲ್ಲ. ಪಕ್ಕದ ಮನೆಯವರು ಬಂದು, "ಎಲ್ಲೆರ ಜಿಗದಿರಬೇಕ ತಗೋರಿ, ಕಾಲ ಉಳಕೇತಿ. ಬೆಚ್ಚಗ ಎಣ್ಣಿ ಹಚ್ಚಿ ತೀಡ್ರಿ, ನಾಳಿಗೆ ಓಡತೈತಿ" ಅಂದರು. ಎಣ್ಣೆ ಹಚ್ಚಿದ್ದೂ ಆಯಿತು. ಮರುದಿನ ಮುಂಗಾಲು ಸ್ವಲ್ಪ ಊರಿತು. ಎಲ್ಲರಿಗೂ ಸಮಾಧಾನ. ಮೂರನೆಯ ದಿನ ನೋಡಿದರೆ ಎಡ ಹಿಂಗಾಲು ಕುಂಟು!

ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಮೌಶಿ ಮಾತ್ರ ಬಿಡಲಿಲ್ಲ. "ಮೊನ್ನೆ ಮುಂದಿನ ಕಾಲ ಇತ್ತು, ಇವತ್ತ ಹಿಂದಿನ ಕಾಲ ಆಗೇತಿ. ಮುಳ್ಳ ಏನ ಮೈಯಾಗ ತಿರುಗಾಡತೈತೇನು?" ಅಂತ ಕೇಳಿದರು. ಹಾಲಲ್ಲಿ ನೆನೆಸಿ ಹಾಕಿದ ರೊಟ್ಟಿಯನ್ನೂ ಅದು ಎರಡು ದಿನದಿಂದ ಮೂಸಿ ಬಿಡುತ್ತಿತ್ತು. ಮಗನನ್ನು ಹೊರಡಿಸಿಕೊಂಡು ಬೆಳಗಾವಿಗೆ ಕರೆತಂದರು. ಡಾಕ್ಟರು ಕಾಲಿಗಿಂತ ಮೊದಲು ನೋಡಿದ್ದು ಕಿವಿ. ಕಿವಿಯ ಮಡಿಕೆಯೊಳಗೆ ಸಾಲಾಗಿ ಉಣ್ಣಿ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿದೆ, ಮೈಯಲ್ಲಿ ಜ್ವರ. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಬರೀ ನಲವತ್ತು ಸಾವಿರ! ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಎರಡು ಲಕ್ಷದ ಆಸುಪಾಸಿನಿಂದ ಮೇಲಿರಬೇಕು.

ಅದು ಉಣ್ಣಿ ಜ್ವರ. ಎರ್ಲಿಕಿಯಾ ಎಂಬ ರೋಗಾಣು, ನಾಯಿಗಳ ಮೈಮೇಲಿನ ಕಂದು ಉಣ್ಣಿ ಕಚ್ಚಿದಾಗ ರಕ್ತ ಸೇರುತ್ತದೆ. ಕೆಲವು ನಾಯಿಗಳಲ್ಲಿ ಕೀಲುಗಳು ಬಾತು ನೋಯುತ್ತವೆ. ಇವತ್ತು ಈ ಕಾಲು, ನಾಳೆ ಆ ಕಾಲು ಎಂದು ಕುಂಟು ಜಾಗ ಬದಲಿಸುವುದು ಅದಕ್ಕೇ. ಸಮಯಕ್ಕೆ ಹಿಡಿದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಬಿಟ್ಟರೆ ಮೂಗಿನಿಂದ ರಕ್ತ ಬಂದು ಜೀವಕ್ಕೇ ಕುತ್ತು. ಮೋತಿ ನಾಲ್ಕನೇ ದಿನಕ್ಕೇ ಎದ್ದು ಓಡಾಡಿತು. ಆದರೆ ಮಾತ್ರೆ ಪೂರ್ತಿ 28 ದಿನ ಕೊಡಬೇಕೆಂದು ಡಾಕ್ಟರು ಹೇಳಿದ್ದರು. 'ಆರಾಮ ಆತಲ್ಲವ್ವಾ, ಸಾಕು ಬಿಡು' ಅಂತ ಮಗ ಅಂದರೂ ಕೇಳದೆ ಮೌಶಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ದಿನಾ ಕೊಟ್ಟರು.

ಕುಂಟಿನ ಜೊತೆ ಊಟ ಬಿಟ್ಟಿದೆಯಾ, ಮಂಕಾಗಿದೆಯಾ, ಮೈ ಬಿಸಿಯಾ ಎಂಬ ಮೂರು ಪ್ರಶ್ನೆ ಯಾವಾಗಲೂ ಕೇಳಿಕೊಳ್ಳಿ. ಒಂದಕ್ಕೆ 'ಹೌದು' ಬಂದರೂ ಅದು ಬರೀ ಕಾಲಿನ ವಿಷಯ ಅಲ್ಲದಿರಬಹುದು. ಕಿವಿಯೊಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಬೆರಳ ಸಂದಿನಲ್ಲಿ ಉಣ್ಣಿ ಹುಡುಕಿ. ಸಿಕ್ಕರೆ ಬರಿಗೈಯಲ್ಲಿ ಹಿಸುಕಬೇಡಿ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ನಾಯಿ ಮಲಗುವ ಗೋಡೆಯ ಬಿರುಕುಗಳಲ್ಲಿ ಉಣ್ಣಿ ಮೊಟ್ಟೆ ಇಡುತ್ತದೆ, ಆ ಜಾಗವನ್ನೂ ಉಜ್ಜಿ ತೊಳೆಯಬೇಕು.

ವಯಸ್ಸು, ತಳಿ ನೋಡಿಯೂ ಸ್ವಲ್ಪ ಊಹಿಸಬಹುದು. ಬರೀ ಹಾಲು-ಅನ್ನ ತಿಂದು ಬೆಳೆದ ಮರಿಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಹಾಗಂತ ಅಂಗಡಿಯ ಕ್ಯಾಲ್ಸಿಯಂ ಡಬ್ಬಿ ತಂದು ಸುರಿದರೆ ದೊಡ್ಡ ತಳಿಯ ಮರಿಗಳಿಗೆ ಅದೂ ಅಪಾಯ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲು ಸಡಿಲವಾಗುವ ತೊಂದರೆ ವಂಶಪಾರಂಪರ್ಯವಾಗಿ ಬರಬಹುದು. ಪೊಮೇರಿಯನ್ ನಾಲ್ಕು ಹೆಜ್ಜೆ ಕುಂಟಿ, ಕಾಲು ಝಾಡಿಸಿ ಮತ್ತೆ ಏನೂ ಆಗದಂತೆ ಓಡಿದರೆ ಮೊಣಕಾಲ ಚಿಪ್ಪು ಜಾರುತ್ತಿದೆ ಅಂತ ಅನುಮಾನಿಸಿ. ನಮ್ಮ ಕಡೆಯ ಹೆಮ್ಮೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಮುಧೋಳ ನಾಯಿಗೆ ಓಡುವುದೇ ಪ್ರಾಣ. ಆ ವೇಗಕ್ಕೆ ಬೆರಳು, ಉಗುರು ಪೆಟ್ಟು ತಿನ್ನುತ್ತವೆ. ದೊಡ್ಡ ತಳಿಯ ವಯಸ್ಸಾದ ನಾಯಿಯ ಕಾಲಲ್ಲಿ ಗಟ್ಟಿ ಗಂಟು ಕಂಡರೆ ಮಾತ್ರ ಎಕ್ಸ್‌ರೇ ಮುಂದೂಡಬೇಡಿ. ಎಲುಬಿನ ಕ್ಯಾನ್ಸರ್ ಹೀಗೆ ಬರೀ ಕುಂಟಿನಿಂದಲೂ ಶುರುವಾಗಬಹುದು.

ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ

ಸೊಂಟನೋವಿಗೆಂದು ತಂದಿಟ್ಟ ಮಾತ್ರೆ ಅರ್ಧ ಮುರಿದು ನಾಯಿಗೆ ಕೊಡುವವರು ಬಹಳ ಜನ. ದಯವಿಟ್ಟು ಬೇಡ! ಪ್ಯಾರಾಸಿಟಮಾಲ್ ನಾಯಿಯ ಲಿವರನ್ನು, ರಕ್ತಕಣಗಳನ್ನು ಕೆಡಿಸುತ್ತದೆ (ಬೆಕ್ಕಿಗಂತೂ ಒಂದೇ ಮಾತ್ರೆ ಸಾವು ತರಬಹುದು). ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಹೊಡೆತ ಕೊಡುತ್ತವೆ. ಮೋತಿಯ ಹಾಗೆ ಪ್ಲೇಟ್‌ಲೆಟ್ ಇಳಿದಿರುವಾಗ ಇಂಥ ಮಾತ್ರೆ ಬಿದ್ದರೆ ಒಳಗೊಳಗೇ ರಕ್ತಸ್ರಾವವಾದೀತು. ನೋವು ತಗ್ಗಿಸುವ ಔಷಧ ನಾಯಿಗಳಿಗೆಂದೇ ಇವೆ, ಡಾಕ್ಟರೇ ತೂಕ ನೋಡಿ ಬರೆದುಕೊಡಲಿ.

ಊಟ ಸರಿಯಾಗಿದ್ದು, ಕಾಲು ಸ್ವಲ್ಪವಾದರೂ ಊರುತ್ತಿದ್ದರೆ ಒಂದೆರಡು ದಿನ ಕಾಯಬಹುದು. ಅಷ್ಟು ದಿನ ಮೆಟ್ಟಿಲು, ಜಿಗಿತ, ಚೆಂಡಾಟ ಬಂದ್. ಕಾಲು ಜೋತಾಡುತ್ತಿದ್ದರೆ, ಪೂರ್ತಿ ಊರದಿದ್ದರೆ, ಎರಡೂ ಹಿಂಗಾಲು ಸೋತು ಎಳೆಯುತ್ತಿದ್ದರೆ ಅವತ್ತೇ ಹೊರಡಿ. ಖಾನಾಪುರ, ಜಾಂಬೋಟಿ ಕಡೆಯ ಗದ್ದೆ-ಕಾಡಿನ ಮನೆಗಳವರು ಹಾವನ್ನೂ ನೆನಪಿಡಿ. ಕೊಳಕುಮಂಡಲ ಕಚ್ಚಿದರೂ ಮೊದಲು ಕಾಣುವುದು ಕುಂಟು, ಆಮೇಲೆ ನೋಡನೋಡುತ್ತ ಏರುವ ಬಾವು. ಕಟ್ಟುವುದು, ಕೊಯ್ಯುವುದು ಏನೂ ಬೇಡ. ನಡೆಸದೆ ಎತ್ತಿಕೊಂಡೇ ಆಸ್ಪತ್ರೆಗೆ ಓಡಿ. ಇನ್ನೊಂದು ಎಚ್ಚರಿಕೆ: ಹಿಂಗಾಲು ಸೋಲುವುದರ ಜೊತೆ ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ ರೇಬಿಸ್ ಇರಬಹುದು. ಬಾಯೊಳಗೆ ಕೈ ಹಾಕಲೇಬೇಡಿ, ಮಕ್ಕಳನ್ನು ದೂರ ಇಡಿ.

ಆಸ್ಪತ್ರೆಗೆ ಸಾಧ್ಯವಾದರೆ ನೀವೇ ಹೋಗಿ. 'ಯಾವತ್ತಿನಿಂದ? ಏನು ತಿಂತು? ಉಣ್ಣಿ ಔಷಧ ಹಾಕಿ ಎಷ್ಟು ದಿನ ಆಯ್ತು?' ಎಂದು ಡಾಕ್ಟರು ಕೇಳಿದರೆ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ ಯಜಮಾನರು ನಿಮಗೇ ಫೋನ್ ಮಾಡುತ್ತಾರೆ. ಹೋಗಲು ಆಗದಿದ್ದರೆ ದಿನ, ಹೊತ್ತು, ಯಾವ ಕಾಲು, ಲಸಿಕೆ ಯಾವಾಗ ಎಂದು ಚೀಟಿ ಬರೆದು ಕೊಡಿ. ವಿಡಿಯೊ ಕಳಿಸಲು ಮರೆಯಬೇಡಿ. ಮನೆಯಲ್ಲಿ ಹೆಜ್ಜೆ ಹೆಜ್ಜೆಗೂ ಕುಂಟುವ ನಾಯಿ, ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಹೆದರಿಕೆಗೆ ನಾಲ್ಕೂ ಕಾಲು ಊರಿ ನೆಟ್ಟಗೆ ನಡೆದುಬಿಡುತ್ತದೆ!