ಮಸುಕಾದ ಹಿನ್ನೆಲೆ

ಹೊಸದಾಗಿ ಕ್ಯಾಮೆರಾ ಕೈಗೆ ಬಂದವರು ಮೊದಲು ತೆಗೆಯುವುದು ಬಹುಮಟ್ಟಿಗೆ ಮನೆಯವರ ಚಿತ್ರವನ್ನೇ. ಅಂಗಳದಲ್ಲಿ ಅಜ್ಜಿಯನ್ನು ಕೂರಿಸಿ, ಗುಂಡಿಯನ್ನೊತ್ತಿ, ಮೂಡಿದ ಚಿತ್ರವನ್ನು ನೋಡಿದಾಗ ನಿರಾಶೆಯಾಗುತ್ತದೆ. ಅಜ್ಜಿಯೇನೋ ಅಲ್ಲಿದ್ದಾಳೆ, ಆದರೆ ಅವಳ ನೆತ್ತಿಯಿಂದಲೇ ಹುಟ್ಟಿದಂತೆ ವಿದ್ಯುತ್ ಕಂಬವೊಂದು ಎದ್ದು ನಿಂತಿದೆ. ಒಣಹಾಕಿದ ಬಟ್ಟೆ, ಗೋಡೆಗೆ ಒರಗಿಸಿದ ಸೈಕಲ್ಲು, ನೀರಿನ ಕೊಡ ಎಲ್ಲವೂ ಅವಳ ಮುಖದಷ್ಟೇ ಸ್ಪಷ್ಟವಾಗಿ ಕಾಣಿಸುತ್ತಿವೆ. ಚಿತ್ರ ತೆಗೆಯುವಾಗ ಇವುಗಳಲ್ಲಿ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಮನಸ್ಸು ಬಯಸಿದುದನ್ನು ಮಾತ್ರ ಕಣ್ಣು ಆರಿಸಿಕೊಂಡಿತ್ತು. ಕ್ಯಾಮೆರಾಕ್ಕೆ ಮನಸ್ಸಿಲ್ಲವಾದುದರಿಂದ ಆರಿಸುವ ಕೆಲಸವನ್ನು ತೆಗೆಯುವವರೇ ಅದಕ್ಕೆ ಕಲಿಸಬೇಕಾಗುತ್ತದೆ. ಮುಖ್ಯವಾದುದನ್ನು ಸ್ಪಷ್ಟವಾಗಿ ಉಳಿಸಿ, ಹಿನ್ನೆಲೆಯನ್ನು ಮಸುಕುಗೊಳಿಸುವುದು ಹಾಗೆ ಆರಿಸುವ ಒಂದು ಬಗೆ.

ಇದರ ಗುಟ್ಟು ಬೆಳಕಿನ ನಡೆಯಲ್ಲಿದೆ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಹೊರಟ ಬೆಳಕು ಮಸೂರದ ಅಗಲಕ್ಕೂ ಬಿದ್ದು, ಒಳಗೆ ಶಂಕುವಿನಂತೆ ಕಿರಿದಾಗುತ್ತ ಮತ್ತೆ ಒಂದು ಬಿಂದುವಿನಲ್ಲಿ ಕೂಡುತ್ತದೆ. ಆ ಬಿಂದು ಕ್ಯಾಮೆರಾದೊಳಗಿನ ಸಂವೇದಕ ಫಲಕದ ಮೇಲೆಯೇ ಬಿದ್ದರೆ ಬಿಂಬ ಸ್ಪಷ್ಟ. ಅಜ್ಜಿಯ ಮುಖಕ್ಕೆ ಫೋಕಸ್ ಹೊಂದಿಸಿದಾಗ, ದೂರದ ಕಂಬದ ಬೆಳಕು ಫಲಕವನ್ನು ಮುಟ್ಟುವ ಮೊದಲೇ ಕೂಡಿ, ಮರಳಿ ಹರಡಿ, ಬಿಂದುವಿಗೆ ಬದಲಾಗಿ ಸಣ್ಣ ವೃತ್ತವನ್ನು ಮೂಡಿಸುತ್ತದೆ. ಇಂತಹ ಅಸಂಖ್ಯ ವೃತ್ತಗಳು ಒಂದರ ಮೇಲೊಂದು ಬಿದ್ದುದೇ ಮಸುಕು. ಬೆಳಕು ನುಗ್ಗುವ ರಂಧ್ರ ಅಗಲವಾದಷ್ಟೂ ಶಂಕು ಅಗಲ, ವೃತ್ತ ದೊಡ್ಡದು, ಮಸುಕು ಹೆಚ್ಚು.

ಈ ರಂಧ್ರಕ್ಕೆ ಅಪರ್ಚರ್ ಎಂದು ಹೆಸರು. ಇದನ್ನು ಅಳೆಯುವ ಎಫ್ ಸಂಖ್ಯೆಯಲ್ಲಿ ಎಲ್ಲ ಕಲಿಕೆಯವರೂ ಒಮ್ಮೆಯಾದರೂ ಎಡವುತ್ತಾರೆ. ಮಸೂರದ ಸಂಗಮ ದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ದೊರೆಯುವುದೇ ಎಫ್ ಸಂಖ್ಯೆ. ಆದುದರಿಂದ ಸಂಖ್ಯೆ ದೊಡ್ಡದಾದರೆ ರಂಧ್ರ ಚಿಕ್ಕದು. 50 ಮಿಲಿಮೀಟರ್ ಸಂಗಮ ದೂರದ ಮಸೂರದಲ್ಲಿ ಎಫ್ 2 ಎಂದರೆ 25 ಮಿಲಿಮೀಟರ್ ವ್ಯಾಸ. ಎಫ್ 16 ಎಂದರೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. 36 ಮಿಲಿಮೀಟರ್ ಅಗಲದ ಫಲಕವುಳ್ಳ ಕ್ಯಾಮೆರಾದಲ್ಲಿ ಈ ಮಸೂರವನ್ನು ತೊಡಿಸಿ ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ, ಎಫ್ 2ರಲ್ಲಿ ಸುಮಾರು 20 ಸೆಂಟಿಮೀಟರ್ ಆಳದಷ್ಟು ಜಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಎಫ್ 16ರಲ್ಲಿ ಅದು ಒಂದೂವರೆ ಮೀಟರನ್ನೂ ಮೀರುತ್ತದೆ. ಮುಖಕ್ಕೆ ಒಂದು ಮೀಟರಿನಷ್ಟು ಹತ್ತಿರ ಹೋದರಂತೂ ಎಫ್ 2ರಲ್ಲಿ ಉಳಿಯುವುದು ಸುಮಾರು ಐದೇ ಸೆಂಟಿಮೀಟರ್. ಆಗ ಒಂದು ಕಣ್ಣು ಸ್ಪಷ್ಟವಾಗಿದ್ದು ಇನ್ನೊಂದು ಕಣ್ಣೂ ಕಿವಿಯೂ ಮಂಜಿನಲ್ಲಿ ಮುಳುಗುವುದುಂಟು. ಹಿನ್ನೆಲೆಯನ್ನು ಅಳಿಸುವ ಉತ್ಸಾಹದಲ್ಲಿ ಅಜ್ಜಿಯನ್ನೇ ಅಳಿಸಿದಂತಾಗಬಾರದು. ಫೋಕಸನ್ನು ಕ್ಯಾಮೆರಾಕ್ಕೆ ಸಮೀಪವಾದ ಕಣ್ಣಿನ ಮೇಲೆ ಇಡುವುದು ಬಲ್ಲವರ ರೂಢಿ.

ಇಷ್ಟು ದೊಡ್ಡ ರಂಧ್ರದ ಮಸೂರ ಎಲ್ಲರ ಬಳಿಯೂ ಇರುವುದಿಲ್ಲ. ಆರಂಭದ ಕ್ಯಾಮೆರಾಗಳ ಜೊತೆಗೆ ಸಾಮಾನ್ಯವಾಗಿ ಬರುವುದು 18ರಿಂದ 55 ಮಿಲಿಮೀಟರಿನವರೆಗೆ ಬದಲಾಗುವ ಮಸೂರ. ಅದರ 18ರ ತುದಿಯಲ್ಲಿ ಎಫ್ 3.5, 55ರ ತುದಿಯಲ್ಲಿ ಎಫ್ 5.6 ದೊರೆಯುತ್ತವೆ. ಚಿಕ್ಕ ಸಂಖ್ಯೆಯನ್ನು ನಂಬಿ 18ರಲ್ಲಿಯೇ ತೆಗೆದವರು ಮೋಸಹೋಗುತ್ತಾರೆ. ಭಾಗಿಸಿ ನೋಡಿದರೆ ಅಲ್ಲಿ ರಂಧ್ರದ ವ್ಯಾಸ ಐದು ಮಿಲಿಮೀಟರ್, 55ರ ತುದಿಯಲ್ಲಿ ಹತ್ತಿರ ಹತ್ತಿರ ಹತ್ತು! ಆದುದರಿಂದ 55ಕ್ಕೆ ತಿರುಗಿಸಿ, ಅಜ್ಜಿಗೆ ಸಾಧ್ಯವಾದಷ್ಟು ಸಮೀಪ ನಿಂತು, ಅವಳ ಕುರ್ಚಿಯನ್ನು ಗೋಡೆಯಿಂದ ನಾಲ್ಕೈದು ಮೀಟರ್ ಈಚೆಗೆ ತರಬೇಕು. ಕಂಬ ಆಗ ಬೂದುಬಣ್ಣದ ಒಂದು ನೆರಳಾಗಿ ಹಿಂದೆ ಸರಿಯುತ್ತದೆ. ಕುರ್ಚಿ ಸರಿಸಲು ಹಣ ಬೇಕಿಲ್ಲವೆಂಬುದನ್ನು ಹೊಸ ಮಸೂರಕ್ಕಾಗಿ ಹಂಬಲಿಸುವವರು ಮರೆಯುತ್ತಾರೆ.

ಮೊಬೈಲ್ ಫೋನಿನ ಮಾತು ಬೇರೆ. ಅದರ ಮಸೂರದ ಸಂಗಮ ದೂರ ಕೆಲವೇ ಮಿಲಿಮೀಟರ್. ರಂಧ್ರವೂ ಅಷ್ಟೇ ಕಿರಿದು. ಅದು ದೂರ ಸಮೀಪಗಳನ್ನು ಲೆಕ್ಕಹಾಕಿ ಮಸುಕನ್ನು ಆಮೇಲೆ ಬಳಿಯುತ್ತದೆ. ಲೆಕ್ಕ ತಪ್ಪಿದಲ್ಲಿ ಹಾರಾಡುವ ಕೂದಲೂ ಕನ್ನಡಕದ ಅಂಚೂ ಹಿನ್ನೆಲೆಯೊಡನೆ ಕರಗಿಹೋಗುತ್ತವೆ.

ಮಸುಕು ಒಂದು ಕಾಲಕ್ಕೆ ದೋಷವೆನಿಸಿಕೊಂಡಿತ್ತು. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬ ಮಹಿಳೆಗೆ 1863ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಮಗಳು ಕ್ಯಾಮೆರಾವೊಂದನ್ನು ಉಡುಗೊರೆಯಾಗಿ ಕೊಟ್ಟಳು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಆಕೆ ತೆಗೆದ ಮುಖಚಿತ್ರಗಳಲ್ಲಿ ಕಣ್ಣು ಹಣೆಗಳು ಬೆಳಗಿ, ಉಳಿದುದು ಮೃದುವಾಗಿ ಕರಗಿತ್ತು. ಅಂದಿನ ಪರಿಣತರು ಆಕೆಗೆ ಫೋಕಸ್ ಮಾಡಲು ಬಾರದೆಂದು ಹಳಿದರು. 1867ರಲ್ಲಿ ಆಕೆ ತೆಗೆದ ವಿಜ್ಞಾನಿ ಜಾನ್ ಹರ್ಷೆಲರ ಚಿತ್ರವನ್ನು ಜನ ಇಂದಿಗೂ ನಿಂತು ನೋಡುತ್ತಾರೆ. ಇದಕ್ಕೆ ವಿರುದ್ಧವಾಗಿ 1932ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಅತಿ ಕಿರಿದಾದ ರಂಧ್ರದ ಸಂಖ್ಯೆಯನ್ನೇ ಹೆಸರಾಗಿಟ್ಟು ‘ಎಫ್ 64’ ಎಂಬ ಬಳಗವನ್ನು ಕಟ್ಟಿದರು. ಅವರಿಗೆ ಕಲ್ಲೂ ಮರವೂ ಎಲ್ಲವೂ ಸ್ಪಷ್ಟವಾಗಿಯೇ ಬೇಕಿತ್ತು.

ಎಲ್ಲ ಹಿನ್ನೆಲೆಯೂ ಕಂಬದಂತೆ ಬೇಡವಾದುದಲ್ಲ. ಇಳಕಲ್ಲಿನ ನೇಕಾರನೊಬ್ಬನನ್ನು ಮಗ್ಗದ ಮುಂದೆ ಚಿತ್ರಿಸುವಾಗ ಮಗ್ಗವನ್ನು ಮಸುಕುಗೊಳಿಸಿದರೆ ಅವನು ಯಾರೆಂಬುದೇ ತಿಳಿಯದು. ಅಲ್ಲಿ ಎಫ್ 8ಕ್ಕೋ 11ಕ್ಕೋ ಹೋಗಬೇಕು. ಮನೆಯೊಳಗೆ ಬೆಳಕು ಸಾಲದೆ ಷಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅವನ ಕೈ ಒಂದು ಕ್ಷಣ ಲಾಳಿಯ ಮೇಲೆ ತಂಗುವವರೆಗೆ ಕಾಯಬೇಕು.