ಕೀಲಿಕೈ ಗೊಂಚಲಿಗೊಂದು ಸ್ಕ್ರೂಡ್ರೈವರ್

ಹತ್ತಿಗೆ ಔಷಧ ಹೊಡೆಯುವಾಗ ಒಮ್ಮೆ ಬೆನ್ನಿನ ಪಂಪಿನ ಪೈಪಿಗೆ ಹಾಕಿದ ಕ್ಲಿಪ್ ಸಡಿಲಾಯಿತು. ಅರ್ಧ ಸುತ್ತು ತಿರುವಿದ್ದರೆ ಸಾಕಿತ್ತು. ಆದರೆ ಸ್ಕ್ರೂಡ್ರೈವರ್ ಮನೆಯಲ್ಲಿ, ಹೊಲ ಊರಿಂದ ಎರಡು ಮೈಲಿ. ಕುಡಗೋಲಿನ ತುದಿ ಹಾಕಿದೆ, ಜಾರಿತು. ಗಾಳಿ ಏಳುವುದರೊಳಗೆ ಮುಗಿಸಬೇಕೆಂದು ಬಟ್ಟೆ ಸುತ್ತಿ ಹಾಗೇ ಹೊಡೆದೆ. ಸಂಜೆಗೆ ಬೆನ್ನೆಲ್ಲ ತೊಯ್ದು, ತಲೆ ತಿರುಗಿ ವಾಂತಿ. ರಾತ್ರಿ ದವಾಖಾನೆಯಲ್ಲಿ ಕಳೆಯಬೇಕಾಯಿತು. ತಪ್ಪು ನಂದೇ. ಸೋರುವ ಪಂಪನ್ನು ಆಗಲೇ ಕೆಳಗಿಳಿಸಿ ಸೋಪು ಹಚ್ಚಿ ಮೈ ತೊಳೀಬೇಕಿತ್ತು.

ಅಂದಿನಿಂದ ಸೊಂಟದ ಕೀಲಿಕೈ ಗೊಂಚಲಿನಲ್ಲೇ ಒಂದು ಸ್ಕ್ರೂಡ್ರೈವರ್ ಇರಬೇಕು ಅನ್ನಿಸಿತು. ಮೊದಲು ಕೀಲಿ ಕಳೆದುಹೋದ ಹಳೇ ಹಿತ್ತಾಳೆ ಕೀಲಿಕೈಯ ತುದಿ ಉಜ್ಜಿ ನೋಡಿದೆ. ಎರಡನೇ ಸ್ಕ್ರೂಗೇ ಹಿಟ್ಟಿನ ಹಾಗೆ ತಿರುಚಿಕೊಂಡಿತು. ಸೈಕಲ್ ಕಡ್ಡಿಯೂ ಅಷ್ಟೇ, ಬಾಗ್ತದ.

ಕೊನೆಗೆ ಸಿಕ್ಕಿದ್ದು ಮುರಿದ ಹ್ಯಾಕ್ಸಾ ಬ್ಲೇಡು. ಶಕ್ತಿನಗರದ ಯಾವ ವೆಲ್ಡಿಂಗ್ ಅಂಗಡಿ ಮುಂದಾದರೂ ಬಿದ್ದಿರ್ತಾವ, ಕೇಳಿದರೆ ಸುಮ್ಮನೆ ಕೊಡ್ತಾರ. ಇದರ ಉಕ್ಕು ಗಟ್ಟಿ, ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ, ಸಣ್ಣ ಸ್ಕ್ರೂಗಳ ಸೀಳಿಗೆ ಕೂಡುತ್ತದೆ. ಎರಡೂ ತುದಿಗೆ ತೂತು ಮೊದಲೇ ಇರುತ್ತದೆ, ಹೀಗಾಗಿ ಉಂಗುರಕ್ಕೆ ಬೇರೆ ತೂತು ಹೊಡೆಯುವ ತ್ರಾಸಿಲ್ಲ. ಒಂದು ಬ್ಲೇಡಿಗೆ ಎರಡು ಆಗ್ತಾವ.

ತೂತಿನ ಕಡೆಯಿಂದ ಎರಡೂವರೆ ಇಂಚು ಬಿಟ್ಟು ವೈಸಿನಲ್ಲಿ ಹಿಡಿಸಿ, ಮೇಲೆ ದಪ್ಪ ಗೋಣಿ ಮುಚ್ಚಿ ಮುರಿಯಿರಿ. ಗೋಣಿ ಮರೀಬ್ಯಾಡ್ರಿ, ಚೂರು ಸಿಡಿದು ಕಣ್ಣಿಗೆ ಬರ್ತದ. ಆಮೇಲೆ ಸಾಣೆಕಲ್ಲಿಗೆ ಹಿಡಿದು ಹಲ್ಲು ತೆಗೆದು, ತುದಿಯನ್ನು ಐದು ಮಿಲಿಮೀಟರ್ ಅಗಲಕ್ಕೆ ತನ್ನಿ. ತುದಿ ಚಾಕುವಿನಂತೆ ಚೂಪಾಗಬಾರದು, ನೆಟ್ಟಗೆ ಚೌಕ ಇರಬೇಕು. ಇಲ್ಲದಿದ್ದರೆ ಸ್ಕ್ರೂ ತಲೆ ಕೆಡಿಸ್ತದ. ಎರಡು ಸಲ ಉಜ್ಜಿದರೆ ಒಂದು ಸಲ ನೀರಿಗೆ ಅದ್ದಿರಿ. ನನ್ನ ಮೊದಲನೇದು ಅವಸರದಲ್ಲಿ ಕಾದು ನೀಲಿ ಬಣ್ಣಕ್ಕೆ ತಿರುಗಿತು. ನೀಲಿಯಾದರೆ ಉಕ್ಕಿನ ಗಡಸು ಹೋಯಿತೆಂದೇ ತಿಳಿಯಿರಿ.

ಬರೀ ಬ್ಲೇಡು ಹಿಡಿದರೆ ಬೆರಳು ಕುಯ್ಯುತ್ತದೆ. ತೂತು ಬಿಟ್ಟು ಎರಡು ಬದಿಗೂ ಬಿದಿರಿನ ಚಕ್ಕೆ ಇಟ್ಟು, ಸುಟ್ಟ ಮೋಟಾರಿನ ತಾಮ್ರದ ತಂತಿ ಬಿಗಿದು, ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ತುದಿಗೆ ಬಾಲ್ ಪೆನ್ನಿನ ಟೊಪ್ಪಿಗೆ ಹಾಕಿದೆ, ಕಿಸೆ ಹರಿಯೋದಿಲ್ಲ. ಖರ್ಚು ಏನೂ ಇಲ್ಲ, ಒಂದು ಮಧ್ಯಾಹ್ನದ ಕೆಲಸ.

ಪೈಪ್ ಕ್ಲಿಪ್, ಟಾರ್ಚು, ರೇಡಿಯೋದ ಸ್ಕ್ರೂಗಳಿಗೆ ಆಗ್ತದ. ಪ್ಲಸ್ ಗುರುತಿನ ಸ್ಕ್ರೂಗೆ ಇನ್ನೊಂದು ತುಂಡಿನ ತುದಿಯನ್ನು ಮೂರು ಮಿಲಿಮೀಟರಿಗೆ ಇಳಿಸಿಕೊಂಡೆ. ಸಡಿಲಿದ್ದರೆ ಬರ್ತದ, ತುಕ್ಕು ಹಿಡಿದಿದ್ದಕ್ಕೆ ಆಗೋದಿಲ್ಲ. ಜೋರು ಮಾಡಿದರೆ ಬ್ಲೇಡು ಚಟಕ್ಕನೆ ಮುರಿಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ಹಾಕಲೇಬ್ಯಾಡ್ರಿ. ದೇವಸೂಗೂರಿನ ಚಿಮಣಿಗಳು ನಮ್ಮ ಹೊಲಕ್ಕೆ ಕಾಣ್ತಾವ. 1985ರಿಂದ ಇಲ್ಲಿ ಕರೆಂಟು ಹುಟ್ಟುತ್ತಿದೆ. ಹಾಗಂತ ಅದು ನಮಗೆ ಪರಿಚಯದ್ದೇನಲ್ಲ. ಮೂರು ಫೇಸಿನಲ್ಲಿ 415 ವೋಲ್ಟ್ ಇರ್ತದ. ಈ ಹಿಡಿಕೆಯೊಳಗೆ ತಾಮ್ರದ ತಂತಿ ಅದ, ಉಂಗುರ ಕಬ್ಬಿಣದ್ದು, ಕೈಗೆ ತಾಗಿಯೇ ಇರ್ತದ.

ಔಷಧದ ಕೆಲಸಕ್ಕೆ ಬಳಸಿದ ದಿನ ಸೋಪಿನಿಂದ ತೊಳೆದು ಒಂದು ಹನಿ ಎಣ್ಣೆ ಒರೆಸಿ ಇಡುತ್ತೇನೆ. ರಬ್ಬರ್ ಪಟ್ಟಿ ನಮ್ಮ ಬಿಸಿಲಿಗೆ ವರ್ಷದೊಳಗೆ ಬಿರುಕು ಬಿಡುತ್ತದೆ, ಬದಲಿಸಬೇಕು.