ರೋಬೋಗೆ ಮೋಟಾರು ಬೇಕೆ, ಸರ್ವೋ ಬೇಕೆ?

ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಬೇಕೆಂದರೆ ಕೋಠಿಯ ಗುಜರಾತಿ ಗಲ್ಲಿಯ ನೆನಪಾಗುತ್ತದೆ. ಕಾಲೇಜಿನ ಪ್ರಾಜೆಕ್ಟಿಗೆಂದೋ ಸ್ವಂತ ಖುಷಿಗೆಂದೋ ಪುಟ್ಟ ರೋಬೋ ಮಾಡಹೊರಟ ಯುವಮಿತ್ರರೇ, ಅಂಗಡಿಯವರು ತೆಲುಗಿನಲ್ಲೋ ಹಿಂದಿಯಲ್ಲೋ "ಮೋಟಾರು ಕೊಡಲೋ, ಸರ್ವೋ ಕೊಡಲೋ?" ಎಂದು ಕೇಳಿದರೆ ಹೇಳಬೇಕಾದ ಉತ್ತರ ಮನೆಯಿಂದ ಹೊರಡುವ ಮೊದಲೇ ಸಿದ್ಧವಿರಲಿ. ಒಮ್ಮೆ ವೈರು ಬೆಸೆದ ಮಾಲನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಕೈಖರ್ಚಿನ ಹಣವೂ ಅಲ್ಲಿಗೇ ಮುಗಿದಿರುತ್ತದೆ.

ಸಾಮಾನ್ಯ ಡಿ.ಸಿ. ಮೋಟಾರು ಗಾಣದ ಎತ್ತಿನಂತೆ. ವಿದ್ಯುತ್ತು ಇರುವವರೆಗೆ ಸುತ್ತುತ್ತದೆ. ಎಷ್ಟು ಸುತ್ತು ಬಂದೆ, ಈಗ ಎಲ್ಲಿದ್ದೇನೆ ಎಂಬುದು ಅದಕ್ಕೆ ತಿಳಿಯದು. ಹಾಗೆಂದು ಸರ್ವೋ ಬೇರೆಯೇ ಜಾತಿಯ ಯಂತ್ರವೇನಲ್ಲ. ಅದರ ಹೊಟ್ಟೆಯೊಳಗೂ ಅಂಥದೇ ಮೋಟಾರು ಇದೆ. ಜೊತೆಗೆ ವೇಗ ಇಳಿಸಿ ಬಲ ಹೆಚ್ಚಿಸುವ ಹಲ್ಲುಚಕ್ರಗಳು, ದಂಡ ಎಷ್ಟು ತಿರುಗಿತೆಂದು ತಿಳಿಸುವ ಪೊಟೆನ್ಷಿಯೋಮೀಟರು (ಹಳೆಯ ರೇಡಿಯೋದಲ್ಲಿ ಧ್ವನಿ ಏರಿಳಿಸುವ ಗುಂಡಿಯ ಹಿಂದೆ ಇರುತ್ತಿತ್ತಲ್ಲ, ಅದೇ) ಮತ್ತು ಒಂದು ಪುಟ್ಟ ಸರ್ಕೀಟು. ಸೆಕೆಂಡಿಗೆ ಸುಮಾರು 50 ಸಲ ಅದಕ್ಕೆ ವಿದ್ಯುತ್ ಮಿಡಿತ ಕಳುಹಿಸುತ್ತೇವೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಸರ್ವೋ ನಟ್ಟನಡುವೆ ನಿಲ್ಲುತ್ತದೆ. ಕಡಿಮೆಯಾದರೆ ಒಂದು ಕಡೆಗೆ, ಹೆಚ್ಚಾದರೆ ಇನ್ನೊಂದು ಕಡೆಗೆ ವಾಲುತ್ತದೆ. ಬೆರಳಿನಿಂದ ತಳ್ಳಿ ನೋಡಿ, ತನ್ನ ಜಾಗ ಬಿಡದಿರಲು ಹೆಣಗುತ್ತದೆ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಭಾಗ ಸುತ್ತುತ್ತಲೇ ಇರಬೇಕೆ, ಹೇಳಿದ ಕೋನದಲ್ಲಿ ನಿಲ್ಲಬೇಕೆ? ಚಕ್ರಕ್ಕೆ ಗೇರು ಮೋಟಾರು. ಕತ್ತು, ತೋಳು, ಹಿಡಿಕೈಗಳಿಗೆ ಸರ್ವೋ. ಮಾಮೂಲಿ ಸರ್ವೋ ಸುಮಾರು 180 ಡಿಗ್ರಿಗೆ ನಿಂತುಬಿಡುವುದರಿಂದ ಚಕ್ರಕ್ಕೆ ಒಗ್ಗದು. ಪೂರ್ತಿ ಸುತ್ತುವ 'ಕಂಟಿನ್ಯುಯಸ್' ಸರ್ವೋ ಸಿಗುತ್ತದೆ ನಿಜ. ಆದರೆ ಅದಕ್ಕೆ ಕೋನದ ಅರಿವು ಇರುವುದಿಲ್ಲ. ಇದ್ದ ದೊಡ್ಡ ಗುಣವನ್ನೇ ಕಳೆದುಕೊಂಡದ್ದಕ್ಕೆ ಹೆಚ್ಚು ಹಣ ತೆರುವುದು ನನಗಂತೂ ಒಪ್ಪಿಗೆಯಾಗದ ಮಾತು.

ತೋಳು ಮಾಡುವವರು ಎಡವುವುದು ಲೆಕ್ಕದಲ್ಲಿ. ಎಸ್‌ಜಿ 90 ಎಂಬ 9 ಗ್ರಾಂ ತೂಕದ ಸರ್ವೋಗೆ 1.8 ಕಿಲೋ-ಸೆಂಟಿಮೀಟರ್ ಬಲವೆಂದು ಬರೆದಿರುತ್ತಾರೆ. ಎರಡು ಕಿಲೋ ಹತ್ತಿರ ಎತ್ತುತ್ತದೆಂದು ಹಿಗ್ಗಬೇಡಿ! ಅದು ದಂಡದಿಂದ 1 ಸೆಂ.ಮೀ. ದೂರದಲ್ಲಿ ಮಾತ್ರ. ತೋಳಿನ ಉದ್ದ 10 ಸೆಂ.ಮೀ. ಆದರೆ ತುದಿಯಲ್ಲಿ ಉಳಿಯುವುದು 180 ಗ್ರಾಂ, ಅದೂ ಸರ್ವೋ ಅಲುಗಾಡಲಾರದೆ ಏದುಸಿರು ಬಿಡುವ ಹಂತದಲ್ಲಿ. ತೋಳಿನದೇ ಭಾರ ಕಳೆದು, ಮಿಕ್ಕಿದ್ದರಲ್ಲಿ ಅರ್ಧವನ್ನಷ್ಟೇ ನಂಬುವುದು ಕ್ಷೇಮ. ನೀರು ತುಂಬಿದ ಲೋಟ ಎತ್ತಿಸುವ ಆಸೆಯಿದ್ದರೆ ಲೋಹದ ಹಲ್ಲುಚಕ್ರಗಳಿರುವ, 55 ಗ್ರಾಂ ತೂಗುವ ಎಂಜಿ 996 ಆರ್‌ನಂಥದು ಬೇಕು.

ವಿದ್ಯುತ್ತಿನ ವಿಷಯ. ಮೋಟಾರನ್ನು ಆರ್ಡುಯಿನೋಗೆ ನೇರವಾಗಿ ಜೋಡಿಸಬಾರದು. ನಡುವೆ ಎಲ್ 298 ತರಹದ ಡ್ರೈವರ್ ಬೋರ್ಡು ಇರಬೇಕು. ಅದು ಸುಮಾರು 2 ವೋಲ್ಟ್ ತಾನೇ ನುಂಗುತ್ತದೆಂಬುದನ್ನು ಬ್ಯಾಟರಿ ಕೊಳ್ಳುವಾಗ ನೆನಪಿಡಿ. ಸರ್ವೋಗೆ ಡ್ರೈವರ್ ಬೇಡ, ಬೇರೆ ಬ್ಯಾಟರಿ ಬೇಕು. ಎರಡು ಬ್ಯಾಟರಿಗಳ ಋಣ ತಂತಿಗಳನ್ನು ಮಾತ್ರ ಒಟ್ಟಿಗೆ ಸೇರಿಸಬೇಕು. ಬೇರೆ ಬ್ಯಾಟರಿ ಇಲ್ಲದಿದ್ದರೆ ತೋಳು ಎದ್ದಾಗಲೆಲ್ಲ ಬೋರ್ಡು ಮೂರ್ಛೆ ಹೋಗಿ ಮೊದಲಿನಿಂದ ಶುರು ಮಾಡುತ್ತದೆ. ಪ್ರೋಗ್ರಾಮಿನಲ್ಲೇ ತಪ್ಪಿದೆಯೆಂದು ರಾತ್ರಿಯಿಡೀ ಹುಡುಕುವವರುಂಟು.

ಮೊದಲ ಸಲ ಮಾಡುವವರಿಗೆ ಹಳದಿ ಬಣ್ಣದ ಎರಡು ಬಿ.ಓ. ಗೇರು ಮೋಟಾರು, ಎಡಬಲ ತಿರುಗಿ ಅಡ್ಡಿಗಳನ್ನು ನೋಡುವ ಕತ್ತಿಗೆ ಒಂದೇ ಒಂದು ಎಸ್‌ಜಿ 90 ಸಾಕು. ತೋಳಿನ ಯೋಚನೆ ಅದು ಗೋಡೆಗೆ ಡಿಕ್ಕಿ ಹೊಡೆಯದೆ ಓಡಾಡಿದ ಮೇಲೆ.